ಶೈಲಿ ಎಂಬ ಕಾಲಂ

ಸೆಮೆಯ್ ನಗರ, ವಸ್ತುಸಂಗ್ರಹಾಲಯದ ನೆಲಮಾಳಿಗೆ.
ನನ್ನ ಕೆಲಸ ಸುಲಭ: ಅಳೆಯುವುದು, ಬರೆಯುವುದು, ದಾರ ಕಟ್ಟುವುದು.
ಕುಲ್ಯಾಶ್ ಅಪಾ ಬಿಟ್ಟುಹೋದ ಮೂವತ್ತೊಂದು ಹಲಗೆ
ಆಲೂಗಡ್ಡೆ ಚೀಲದೊಳಗೆ ಬಂದವು.
ಸೊಸೆ ತಂದಿಳಿಸಿ, ರಸೀದಿಯನ್ನೂ ಕೇಳದೆ ಹೋದಳು.

ಕ್ಯಾನ್ವಾಸಲ್ಲ, ಪ್ಲೈವುಡ್. ಬೆನ್ನಿಗೆ ಕೆಂಪಕ್ಷರದ
ತುಂಡು ಘೋಷಣೆ: ‘...ಯತ್ತ ದಾಪುಗಾಲು’.
ಯಾವುದರತ್ತ ಎಂಬುದು ಗರಗಸಕ್ಕೆ ಹೋಗಿದೆ.
ಬಿಳಿ ಬಣ್ಣವೆಲ್ಲ ಶಾಲೆಯ ಸೀಮೆಸುಣ್ಣ, ಅಂಟಿನಲ್ಲಿ ಕಲಸಿದ್ದು;
ಮುಟ್ಟಿದರೆ ಬೆರಳಿಗೆ ಬರುತ್ತದೆ.
ಮುಟ್ಟಬಾರದಿತ್ತು.

ಒಂದನೆಯದು. ಎತ್ತರ ನಲವತ್ತು, ಅಗಲ ಅರವತ್ತು.
ಹೆಣ್ಣು ಕುದುರೆ; ಹೊಟ್ಟೆಯಲ್ಲೊಂದು ಕಿಟಕಿ,
ಕಿಟಕಿಗೆ ಪರದೆ, ಪರದೆಯ ಸಂದಿಯಲ್ಲಿ
ಗೊರಸಿಲ್ಲದ ನಾಲ್ಕು ಕಾಲು.
ಏಳನೆಯದು. ಚಹಾದ ಬಟ್ಟಲುಗಳೆಲ್ಲ ಮೇಜಿನಿಂದ ಗೇಣು ಮೇಲೆ,
ನೆರಳು ಮಾತ್ರ ಮೇಜಿಗಂಟಿದೆ. ಬಾಯಾರಿದ ಮುದುಕ
ನೆರಳನ್ನೇ ಎತ್ತಿ ಕುಡಿಯುತ್ತಿದ್ದಾನೆ.
ಹನ್ನೆರಡರಲ್ಲಿ ಬಾಗಿಲೊಂದು
ತನ್ನ ಮನೆಯನ್ನು ಬಿಟ್ಟು ಹುಲ್ಲುಗಾವಲಿಗೆ ಹೊರಟಿದೆ,
ಅದರ ಹಿಂದೆ ಕುರಿಗಳು, ಅಭ್ಯಾಸಬಲದಿಂದ.
ಇಪ್ಪತ್ತನಾಲ್ಕು, ಮದುವೆ. ಮುಸುಕಿನಂಚಿಗೆ
ಎರಡು ಸೂರ್ಯ ಹೊಲಿದಿದೆ; ಹೊಲಿದ ಸೂಜಿ ಬೇರು ಬಿಟ್ಟಿದೆ.

ನಮೂನೆಯಲ್ಲಿ ‘ಶೈಲಿ’ ಎಂಬ ಕಾಲಂ ಇದೆ.
ಪುಸ್ತಕ ನೋಡಿ ‘ಅತಿವಾಸ್ತವ’ ಎಂದು ಬರೆದೆ, ಪೆನ್ಸಿಲಿನಲ್ಲಿ.
ಪುಸ್ತಕ ಹೇಳುತ್ತದೆ: ಕನಸು, ನಿದ್ದೆಯಲ್ಲಿ ನಡೆಯುವ ಕೈ,
ಪ್ಯಾರಿಸ್ಸಿನ ಕಾಫಿ ಮೇಜುಗಳು.
ಅಪಾ ಪ್ಯಾರಿಸ್ ಕಂಡವಳಲ್ಲ. ಡ್ರಾಯಿಂಗ್ ಟೀಚರು,
ಸೇಬು, ಹೂಜಿ, ಬೆಂಕಿಪೊಟ್ಟಣ;
ಬೆಳಕು ಎಲ್ಲಿದೆಯೋ ನೆರಳು ಅದರ ಆಚೆಗೆ ಬೀಳುತ್ತದೆ ಮಕ್ಕಳೇ
ಎಂದು ಹನ್ನೊಂದು ವರ್ಷ ಕಲಿಸಿದವಳು.

ಸೊಸೆ ಹೇಳಿದ್ದು ಇಷ್ಟು, ಮೆಟ್ಟಿಲ ಮೇಲೆ ನಿಂತು:
ಆಗಸ್ಟ್. ಸೈನಿಕರು ಬಂದರು. ಒಲೆ ಆರಿಸಿ, ಕಿಟಕಿ ತೆರೆದಿಡಿ,
ಹಳ್ಳಕ್ಕಿಳಿದು ಬೋರಲು ಮಲಗಿ ಎಂದರು.
ಅತ್ತೆ ಮಲಗಿದಳು, ಕಣ್ಣಿಗೆ ಅಂಗೈ ಒತ್ತಿ.
ಮುಚ್ಚಿದ ರೆಪ್ಪೆಯೊಳಗೆ
ತನ್ನ ಬೆರಳ ಮೂಳೆಗಳನ್ನು ಎಣಿಸಿದಳಂತೆ.
ಎದ್ದಾಗ ಎಲ್ಲರ ನೆರಳೂ ತಪ್ಪು ದಿಕ್ಕಿಗಿತ್ತು.
ಸೆಪ್ಟೆಂಬರಿನಲ್ಲಿ ಶಾಲೆ ತೆರೆದಾಗ ತರಗತಿಯಲ್ಲೂ ಹಾಗೇ ಹೇಳಿದಳು.
ಹೆಡ್ಮಾಸ್ತರು ಒಂದು ವಾರ ರಜೆ ಕೊಟ್ಟರು,
ಆಮೇಲೆ ಇನ್ನೊಂದು.

ಅತಿವಾಸ್ತವ, ನನ್ನನ್ನು ಕೇಳಿದರೆ, ಇದೇ ಊರಿನ ಆ ಆಸ್ಪತ್ರೆ:
ಹೊರಗಿನ ಬೋರ್ಡಿಗೆ ದನದ ಜ್ವರ ಎಂದು ಬರೆದು
ಒಳಗೆ ಮನುಷ್ಯರ ತೂಕ, ರಕ್ತ, ಕೂದಲು ಲೆಕ್ಕ ಹಾಕಿದ್ದು.
ನಮ್ಮಮ್ಮನೂ ಹೋಗುತ್ತಿದ್ದಳು, ವರ್ಷಕ್ಕೆರಡು ಸಲ.
ನಾವು ದನ ಸಾಕಿದವರೇ ಅಲ್ಲ.

ಹತ್ತೊಂಬತ್ತು: ‘ಕೈ’. ನೋಡಿ, ಮುಚ್ಚಿಟ್ಟೆ. ಅಳತೆ ನಾಳೆ.

ಮೂವತ್ತೊಂದು, ಕೊನೆಯದು. ಅಡುಗೆಮನೆ.
ಮೇಜು, ಅರ್ಧ ಕೊಯ್ದ ರೊಟ್ಟಿ, ಚಾಕು, ಬೋಗುಣಿ ತುಂಬ ಹಾಲು.
ಏನೂ ಹಾರುತ್ತಿಲ್ಲ. ನೆರಳು ನೆರಳಿನ ಜಾಗದಲ್ಲಿ.
ತಪ್ಪೇನೆಂದು ಹುಡುಕುತ್ತ ಕೂತೆ, ಊಟದ ಹೊತ್ತು ಮೀರಿತು,
ದೀಪ ಹತ್ತಿರ ತಂದೆ, ತಲೆಕೆಳಗು ಮಾಡಿದೆ.
ಹಿಂಬದಿಯಲ್ಲಿ ಸೀಸದಕಡ್ಡಿಯ ಅಕ್ಷರ: ‘ಅರವತ್ತನಾಲ್ಕು.
ಈಗ ನೆಲದಡಿಯಲ್ಲಿ ಮಾಡುತ್ತಾರಂತೆ.
ಮೇಲೆ ಏನೂ ಕಾಣದಂತೆ.’

ಮತ್ತೆ ತಿರುಗಿಸಿದೆ. ಆಗ ಕಂಡಿತು:
ಹಾಲಿನ ಮೇಲೆ, ಕೂದಲಿಗಿಂತ ತೆಳು,
ಉಂಗುರದೊಳಗೊಂದು ಉಂಗುರ.

ಇಂಥ ಚಿತ್ರಕ್ಕೆ ರಷ್ಯನ್ನಿನಲ್ಲಿ ಪದವಿದೆ, ಫ್ರೆಂಚರಿಂದ ಕಡ ತಂದದ್ದು;
ಅರ್ಥ, ಸತ್ತ ನಿಸರ್ಗ. ಅದನ್ನೇ ಬರೆಯಿರಿ ಎಂದರು ನಿರ್ದೇಶಕರು.
ಬರೆದೆ. ಉಳಿದವುಗಳ ಪೆನ್ಸಿಲು ಅಳಿಸಿದೆ.
ದಾರ ಕಟ್ಟುವಾಗ
ಮೇಜು ಅಲುಗದಂತೆ ಮೊಣಕೈ ಊರಿ ಹಿಡಿದೆ.